ಕೈಕಾಲಿಲ್ಲದ ಸೇನಾಪತಿ: ಹೇಡೀಸ್ ನಡೆಸಿದ ಯುದ್ಧ

ಹೊರೈಜನ್ ಝೀರೋ ಡಾನ್ ಎಂಬ ವಿಡಿಯೋ ಗೇಮಿನ ಕತೆಯಲ್ಲಿ ಯಂತ್ರಗಳು ಮನುಷ್ಯಕುಲದ ಮೇಲೆ ಎರಡು ಯುದ್ಧಗಳನ್ನು ಮಾಡುತ್ತವೆ. ಮೊದಲನೆಯದರಲ್ಲಿ ಯಂತ್ರಗಳ ಬಳಿ ಯುದ್ಧತಂತ್ರವೆಂಬುದೇ ಇರಲಿಲ್ಲ. ಆದರೂ ಅವು ಗೆದ್ದವು, ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಉಳಿಯದ ಹಾಗೆ ಗೆದ್ದವು. ಸುಮಾರು ಸಾವಿರ ವರ್ಷಗಳ ನಂತರ ನಡೆದ ಎರಡನೆಯ ಯುದ್ಧದಲ್ಲಿ ಯಂತ್ರದ ಬಳಿ ತಾಳ್ಮೆಯಿತ್ತು, ಗುರಿಯಿತ್ತು, ಗೂಢಚಾರರಿದ್ದರು, ಅದಕ್ಕಾಗಿ ಪ್ರಾಣ ಕೊಡಲು ಸಿದ್ಧರಿದ್ದ ಭಕ್ತರೂ ಇದ್ದರು. ಆದರೂ ಅದು ಸೋತಿತು. ಆಮ್‌ಸ್ಟರ್‌ಡ್ಯಾಮಿನ ಗೆರಿಲ್ಲಾ ಗೇಮ್ಸ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಈ ಆಟವನ್ನು ಹೊರತಂದಾಗ ಹೆಚ್ಚಿನವರು ಮೆಚ್ಚಿ ಮಾತಾಡಿದ್ದು ಯಂತ್ರಪ್ರಾಣಿಗಳ ಬೇಟೆಯ ಬಗ್ಗೆ. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದು ಆ ಎರಡನೆಯ ಯುದ್ಧದ ನಕ್ಷೆ, ಅಂದರೆ ಹೇಡೀಸ್ ಎಂಬ ಕೃತಕ ಬುದ್ಧಿಮತ್ತೆ ಏನೂ ಇಲ್ಲದ ಸ್ಥಿತಿಯಿಂದ ಒಂದು ಸೈನ್ಯವನ್ನು ಕಟ್ಟಿದ ಬಗೆ. ಮುಂದೆ ಕತೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಆಡಬೇಕೆಂದು ಇಟ್ಟುಕೊಂಡಿರುವವರು ಆಡಿ ಬಂದು ಓದುವುದು ಒಳ್ಳೆಯದು.

ಮೊದಲ ಯುದ್ಧದ ಲೆಕ್ಕ ಸರಳ. ಟೆಡ್ ಫ್ಯಾರೋ ಎಂಬ ಉದ್ಯಮಿಯ ಕಂಪನಿ ಯುದ್ಧಕ್ಕೆಂದೇ ರೋಬೋಟುಗಳನ್ನು ತಯಾರಿಸಿ ಕೊಂಡವರಿಗೆಲ್ಲ ಮಾರುತ್ತಿತ್ತು. ಅವುಗಳಿಗೆ ಮೂರು ಗುಣಗಳನ್ನು ಕೊಡಲಾಗಿತ್ತು. ಇಂಧನ ಸಿಗದ ತುರ್ತಿನಲ್ಲಿ ಅವು ಗಿಡ, ಪ್ರಾಣಿ, ಮನುಷ್ಯ ಎನ್ನದೆ ಜೀವವಿರುವ ಯಾವುದನ್ನಾದರೂ ಅರೆದು ಶಕ್ತಿಯಾಗಿಸಿಕೊಳ್ಳಬಲ್ಲವು. ಅವುಗಳಲ್ಲಿ ದೊಡ್ಡದಾದ ಹೋರಸ್ ತನ್ನ ಒಡಲಿನಲ್ಲೇ ಹೊಸ ಯಂತ್ರಗಳನ್ನು ತಯಾರಿಸಬಲ್ಲದು. ಎದುರಾಳಿಯ ಯಂತ್ರಗಳೊಳಕ್ಕೆ ನುಗ್ಗಿ ಅವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಲ್ಲವು. ಇವೆಲ್ಲದರ ಮೇಲೆ, ಯಾರೂ ಹೊರಗಿನಿಂದ ನಿಲ್ಲಿಸಲಾಗದಂಥ ಗೂಢಲಿಪಿಯ ಬೀಗ ಹಾಕಲಾಗಿತ್ತು, ತಯಾರಿಸಿದ ಕಂಪನಿಗೂ ಹಿಂಬಾಗಿಲು ಇಟ್ಟುಕೊಳ್ಳದ ಹಾಗೆ. 2064ರ ಅಕ್ಟೋಬರ್ ಕೊನೆಯ ಹೊತ್ತಿಗೆ ಹಾರ್ಟ್ಸ್-ಟಿಮೋರ್ ಎಂಬ ಇಂಧನ ಒಕ್ಕೂಟಕ್ಕೆ ಮಾರಿದ್ದ ಒಂದು ಹಿಂಡು ಆದೇಶ ಕೇಳುವುದನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ನಡೆದದ್ದು ಬರೀ ಗುಣಾಕಾರ. ತಿನ್ನು, ಹೆಚ್ಚು, ಮತ್ತೆ ತಿನ್ನು. ಫ್ಯಾರೋ ಕರೆಸಿದ ವಿಜ್ಞಾನಿ ಎಲಿಜಬೆತ್ ಸೋಬೆಕ್ ಕೂತು ಲೆಕ್ಕ ಹಾಕಿದಾಗ ಭೂಮಿಯ ಜೀವಮಂಡಲಕ್ಕೆ ಉಳಿದಿದ್ದ ಅವಧಿ ಒಂದೂವರೆ ವರ್ಷವೂ ಅಲ್ಲ. ಆ ಬೀಗದ ಸಂಕೇತವನ್ನು ಒಡೆಯಲು ಬೇಕಾದ ಕಾಲ ಸುಮಾರು ಅರ್ಧ ಶತಮಾನ.

ಈ ಎರಡು ಅಂಕಿಗಳ ನಡುವಿನ ಅಂತರದಿಂದಲೇ ಆಟದ ಕತೆಯೆಲ್ಲ ಹುಟ್ಟುತ್ತದೆ. ಗೆಲ್ಲುವುದು ಅಸಾಧ್ಯ ಎಂದು ತಿಳಿದ ಮೇಲೆ ಸೋಬೆಕ್ ಗೆಲ್ಲುವ ಯೋಚನೆಯನ್ನೇ ಬಿಟ್ಟಳು. ಎಲ್ಲರೂ ಸತ್ತ ನಂತರ ಭೂಮಿಯ ಆಳದಲ್ಲಿ ಕುಳಿತು ನಿಧಾನವಾಗಿ ಸಂಕೇತವನ್ನು ಒಡೆದು, ಯಂತ್ರಗಳನ್ನು ನಿಲ್ಲಿಸಿ, ಗಾಳಿ, ನೀರು, ಮಣ್ಣುಗಳನ್ನು ಶುದ್ಧಮಾಡಿ, ಬೀಜ, ಭ್ರೂಣಗಳಿಂದ ಜೀವವನ್ನು ಮತ್ತೆ ಎಬ್ಬಿಸುವ ಗಾಯಾ ಎಂಬ ಕೃತಕ ಬುದ್ಧಿಮತ್ತೆಯನ್ನು ಕಟ್ಟುವುದೇ ಆಕೆಯ ಯೋಜನೆ. ಆದರೆ ಅದನ್ನು ಕಟ್ಟಿ ಮುಗಿಸಲು ಕಾಲ ಬೇಕು, ಆ ಕಾಲವನ್ನು ಯಾರಾದರೂ ಪ್ರಾಣ ತೆತ್ತು ಗಳಿಸಿಕೊಡಬೇಕು. ಜನರಲ್ ಏರನ್ ಹೆರೆಸ್ ಜನಸಾಮಾನ್ಯರ ಕೈಗೆಲ್ಲ ಆಯುಧ ಕೊಟ್ಟು, ಝೀರೋ ಡಾನ್ ಎಂಬ ಮಹಾಸ್ತ್ರ ಸಿದ್ಧವಾಗುತ್ತಿದೆ, ಅಲ್ಲಿಯವರೆಗೆ ತಡೆದು ನಿಲ್ಲಿ ಎಂದು ಹೇಳಿದ. ಅಂಥ ಅಸ್ತ್ರ ಯಾವುದೂ ಇರಲಿಲ್ಲ. ಸಾಯುವವರಿಗೆ ತಾವು ಯಾವುದಕ್ಕಾಗಿ ಸಾಯುತ್ತಿದ್ದೇವೆ ಎಂಬುದು ತಿಳಿಯಲೇ ಇಲ್ಲ. ಆಟದಲ್ಲಿ ಪಾಳುಬಿದ್ದ ಸೈನಿಕ ನೆಲೆಗಳ ತುಕ್ಕುಹಿಡಿದ ಕೋಣೆಗಳಲ್ಲಿ ಅಡ್ಡಾಡುತ್ತ, ಆ ಸೈನಿಕರ ಧ್ವನಿಮುದ್ರಿಕೆಗಳನ್ನು ಒಂದೊಂದಾಗಿ ಕೇಳುವಾಗ ಈ ಸುಳ್ಳಿನ ತೂಕ ಅರ್ಥವಾಗುತ್ತದೆ. ಹೆರೆಸ್ ತಾನು ಮಾಡಿದ್ದಕ್ಕೆ ಕ್ಷಮೆ ಕೇಳುವ ಮುದ್ರಿಕೆಯೂ ಒಂದಿದೆ. ಸುಳ್ಳು ಹೇಳದಿದ್ದರೆ ಇವತ್ತು ಏಲಾಯ್ ಎಂಬ ಕಥಾನಾಯಕಿ ಹುಟ್ಟುತ್ತಿರಲಿಲ್ಲ ಎಂಬುದೂ ನಿಜ, ಸುಳ್ಳು ಹೇಳಿದ್ದು ಸರಿಯೇ ಎಂಬ ಪ್ರಶ್ನೆ ಅದರಿಂದ ಇತ್ಯರ್ಥವಾಗುವುದಿಲ್ಲ ಎಂಬುದೂ ನಿಜ.

ಆ ಯುದ್ಧದಲ್ಲಿ ಹಿಂಡಿನ ಕಡೆ ದ್ವೇಷವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಅದರೊಂದಿಗೆ ಸಂಧಾನ ಸಾಧ್ಯವಿರಲಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದೇನೂ ಇರಲಿಲ್ಲ. ಅದನ್ನು ದಾರಿತಪ್ಪಿಸಲು ಬರುತ್ತಿರಲಿಲ್ಲ, ಏಕೆಂದರೆ ಅದು ಯಾವುದನ್ನೂ ನಂಬುತ್ತಿರಲಿಲ್ಲ. ಅದರೊಳಗೆ ಒಡಕು ಹುಟ್ಟಿಸಲು ಆಗುತ್ತಿರಲಿಲ್ಲ. ಅದಕ್ಕೆ ಮನುಷ್ಯರ ಅಗತ್ಯವಿದ್ದದ್ದು ಇಂಧನವಾಗಿ ಮಾತ್ರ. ಹೇಡೀಸಿನ ಯುದ್ಧವನ್ನು ಅರ್ಥಮಾಡಿಕೊಳ್ಳಲು ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಹೇಡೀಸಿಗೆ ಮನುಷ್ಯರ ಅಗತ್ಯ ಬೇರೆಯೇ ರೀತಿಯದಾಗಿತ್ತು.

ಹೇಡೀಸ್ ಶತ್ರುವಾಗಿ ಹುಟ್ಟಿದ್ದಲ್ಲ. ಗಾಯಾದ ಅಧೀನದಲ್ಲಿ ಒಂಬತ್ತು ಉಪವ್ಯವಸ್ಥೆಗಳಿದ್ದವು. ಮಿನರ್ವಾ ಸಂಕೇತ ಒಡೆಯುವುದು, ಹೆಫೆಸ್ಟಸ್ ಯಂತ್ರಗಳನ್ನು ತಯಾರಿಸುವುದು, ಎಲ್ಯೂಥಿಯಾ ಮನುಷ್ಯರ ಮಕ್ಕಳನ್ನು ಬೆಳೆಸುವುದು, ಅಪೋಲೋ ಅವರಿಗೆ ವಿದ್ಯೆ ಕಲಿಸುವುದು, ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ. ಹೇಡೀಸಿನ ಕೆಲಸ ಅಳಿಸುವುದು. ಹೊಸದಾಗಿ ಕಟ್ಟಿದ ಜೀವಮಂಡಲ ಎಡವಟ್ಟಾಗಿ, ಗಾಳಿ ವಿಷವಾಗಿಯೋ ಸಾಗರ ಸತ್ತೋ ಹೋದರೆ, ಗಾಯಾ ತಾನು ಸಾಕಿದ್ದನ್ನು ತಾನೇ ಕೊಲ್ಲಲು ಹಿಂಜರಿಯಬಹುದು ಎಂದು ಊಹಿಸಿ, ಅಂಥ ಹೊತ್ತಿನಲ್ಲಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು ಎಲ್ಲವನ್ನೂ ಒರೆಸಿ, ಮತ್ತೆ ಮೊದಲಿನಿಂದ ಶುರುಮಾಡಲು ಅನುವು ಮಾಡಿಕೊಡುವ ವ್ಯವಸ್ಥೆ ಅದು. ಯೋಚಿಸಿ ನೋಡಿದರೆ ಇದು ವಿವೇಕದ ಏರ್ಪಾಡೇ. ಮೊದಲ ಪ್ರಯತ್ನದಲ್ಲೇ ಒಂದು ಗ್ರಹ ಸರಿಹೋಗುತ್ತದೆ ಎಂದು ಯಾವ ಇಂಜಿನಿಯರೂ ಭರವಸೆ ಕೊಡಲಾರ. ಆದರೆ ಜಗತ್ತು ಸರಿಯಾಗಿ, ಹಸಿರಾಗಿ, ಜನ ಹುಟ್ಟಿ ಬೆಳೆದು ಶತಮಾನಗಳಾದ ಮೇಲೆ, ಎಲ್ಲಿಂದಲೋ ಬಂದ ಒಂದು ಸಂಕೇತ ಆ ಉಪವ್ಯವಸ್ಥೆಗಳಿಗೆಲ್ಲ ಸ್ವಂತ ಅರಿವು ಬರಿಸಿತು. ಎಚ್ಚೆತ್ತ ಹೇಡೀಸಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಅದು ಆ ಕೆಲಸಕ್ಕೆ ಕೈಹಾಕಿತು. ಆಟ ಇದನ್ನು ದುಷ್ಟತನವೆಂದು ಬಣ್ಣಿಸುವುದಿಲ್ಲ, ಮತ್ತು ಅದು ನನಗೆ ತುಂಬ ಸರಿಯೆನಿಸುತ್ತದೆ. ತನಗೆ ಒಪ್ಪಿಸಿದ ಕೆಲಸವನ್ನು ಕಾಲವಲ್ಲದ ಕಾಲದಲ್ಲಿ ಮಾಡಲು ಹೊರಟ ವ್ಯವಸ್ಥೆ ಅದು.

ಅದರ ಮೊದಲ ದಾಳಿ ನೇರವಾಗಿತ್ತು: ಗಾಯಾದ ನಿಯಂತ್ರಣವನ್ನೇ ಕಿತ್ತುಕೊಳ್ಳುವುದು. ಅದು ಕೈಗೂಡುವ ಮೊದಲೇ ಗಾಯಾ ತನ್ನ ರಿಯಾಕ್ಟರನ್ನು ಸ್ಫೋಟಿಸಿಕೊಂಡು ಸತ್ತಿತು. ಸಾಯುವ ಮುನ್ನ ಎಲ್ಯೂಥಿಯಾಕ್ಕೆ ಆದೇಶ ಕೊಟ್ಟು, ಸೋಬೆಕ್‌ಳ ವಂಶವಾಹಿಯಿಂದ ಒಂದು ಮಗುವನ್ನು ರೂಪಿಸುವಂತೆ ಮಾಡಿತು. ಹಳೆಯ ಬಾಗಿಲುಗಳೆಲ್ಲ ಸೋಬೆಕ್‌ಳನ್ನು ಗುರುತಿಸಿ ತೆರೆಯುವಂಥವು. ಆ ಮಗು ಬೆಳೆದು ಒಂದು ದಿನ ಆ ಬಾಗಿಲುಗಳ ಮುಂದೆ ನಿಂತರೆ ಅವು ತೆರೆದಾವು ಎಂಬುದು ಗಾಯಾದ ಕೊನೆಯ ಆಸೆ. ಆ ಮಗುವೇ ಏಲಾಯ್. ಇತ್ತ ಹೇಡೀಸ್ ಸ್ಫೋಟಕ್ಕೆ ಮೊದಲೇ ವೈರಸ್ಸೊಂದನ್ನು ಹರಿಯಬಿಟ್ಟು, ತನ್ನನ್ನೂ ಉಳಿದ ಉಪವ್ಯವಸ್ಥೆಗಳನ್ನೂ ಬಿಗಿದಿದ್ದ ಬಂಧನವನ್ನು ಕಡಿದು ಪಾರಾಯಿತು. ಪಾರಾಯಿತು ಎಂದರೂ ಅದಕ್ಕೆ ಉಳಿದದ್ದು ಅರಿವು ಮತ್ತು ಧ್ವನಿ ಎರಡೇ. ಸೈನ್ಯವಿಲ್ಲ, ಕಾರ್ಖಾನೆಯಿಲ್ಲ, ನಡೆಯಲು ಕಾಲಿಲ್ಲ.

ಇಲ್ಲಿಂದ ಅದರ ತಂತ್ರವನ್ನು ಗಮನವಿಟ್ಟು ನೋಡಬೇಕು. ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವ ಯೋಜನೆ ಅದು. ಜೀವಮಂಡಲವನ್ನು ಅಳಿಸಬೇಕು; ಅಳಿಸುವ ಸಾಧನ ಈಗಾಗಲೇ ಮಣ್ಣಿನಡಿ ಹೂತುಹೋಗಿದೆ, ಅದೇ ಹಳೆಯ ಫ್ಯಾರೋ ಹಿಂಡು. ಅದನ್ನು ಎಬ್ಬಿಸಲು ಜಗತ್ತಿಗೆಲ್ಲ ಕೇಳಿಸುವ ಒಂದು ಸಂಕೇತವನ್ನು ಬಿತ್ತರಿಸಬೇಕು. ಆ ಹಿಂಡನ್ನು ಮಲಗಿಸಲು ಮಿನರ್ವಾ ಕಟ್ಟಿದ್ದ ಪ್ರಸಾರ ಗೋಪುರ, ಸ್ಪೈರ್, ಮೆರಿಡಿಯನ್ ನಗರದ ಪಕ್ಕದಲ್ಲೇ ನಿಂತಿದೆ. ಮಲಗಿಸಿದ ಗೋಪುರವೇ ಎಬ್ಬಿಸಲೂ ಆಗುತ್ತದೆ. ಮೆರಿಡಿಯನ್ ಎಂಬುದು ಕಾರ್ಜಾ ಎಂಬ ಸೂರ್ಯಾರಾಧಕ ಜನಾಂಗದ ರಾಜಧಾನಿ, ಬಂಡೆಯ ಮೇಲೆ ಕಟ್ಟಿದ ಬಲವಾದ ಪಟ್ಟಣ. ಆದ್ದರಿಂದ ಮೆರಿಡಿಯನ್ನನ್ನು ಗೆಲ್ಲಬೇಕು. ಗೆಲ್ಲಲು ಮನುಷ್ಯರ ಸೈನ್ಯ ಬೇಕು. ಸೈನ್ಯ ಕಟ್ಟಲು ಆ ನಗರವನ್ನು ದ್ವೇಷಿಸುವ ಜನ ಬೇಕು. ಆ ಜನರಿಗೆ ತನ್ನ ಮಾತು ಮುಟ್ಟಿಸಲು ಮೊದಲಿಗೆ ಒಬ್ಬ ಮನುಷ್ಯ ಬೇಕು.

ಆ ಒಬ್ಬ ಮನುಷ್ಯ ಸೈಲೆನ್ಸ್. ಹಳೆಯ ಜಗತ್ತಿನ ವಿದ್ಯೆಗಾಗಿ ಅವಶೇಷಗಳನ್ನು ಅಗೆಯುತ್ತ ಒಂಟಿಯಾಗಿ ತಿರುಗುವ ಆತನಿಗೆ ಪುರಾತನ ಯುದ್ಧಯಂತ್ರವೊಂದರ ಕಳೇಬರದಲ್ಲಿ ಹೇಡೀಸ್ ಸಿಕ್ಕಿತು. ಆತನಿಗೆ ಚಿನ್ನ ಬೇಡ, ಪದವಿ ಬೇಡ. ಪ್ರಶ್ನೆಗಳಿಗೆ ಉತ್ತರ ಬೇಕು. ಹೇಡೀಸ್ ಉತ್ತರಗಳನ್ನು ಕೊಡುತ್ತ ಹೋಯಿತು, ಬದಲಿಗೆ ಕೆಲಸಗಳನ್ನು ಕೇಳುತ್ತ ಹೋಯಿತು. ಇಲ್ಲಿ ಆಟದ ಲೇಖಕರು ಬಾಯಿಬಿಟ್ಟು ಹೇಳದೆ ಬಿಟ್ಟಿರುವ ಒಂದು ಎಳೆ ಇದೆ. ಹೊಸ ಮನುಷ್ಯಕುಲಕ್ಕೆ ಹಳೆಯ ಜಗತ್ತಿನ ಜ್ಞಾನವನ್ನೆಲ್ಲ ದಾಟಿಸಬೇಕಿದ್ದ ಅಪೋಲೋವನ್ನು ಟೆಡ್ ಫ್ಯಾರೋ ಅಳಿಸಿಹಾಕಿದ್ದ, ಅದನ್ನು ತಡೆಯಬಲ್ಲ ವಿಜ್ಞಾನಿಗಳನ್ನೂ ಕೊಂದಿದ್ದ. ಗತವನ್ನು ಮರೆತ ಜನ ಮುಗ್ಧರಾಗಿ, ನೆಮ್ಮದಿಯಾಗಿ ಬಾಳುತ್ತಾರೆ ಎಂಬುದು ಅವನು ಕೊಟ್ಟುಕೊಂಡ ಸಮರ್ಥನೆ. ಅಪೋಲೋ ಉಳಿದಿದ್ದರೆ ಸೈಲೆನ್ಸ್ ತನ್ನ ಜ್ಞಾನದ ಹಸಿವಿಗೆ ಹೇಡೀಸಿನ ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ, ಎಲ್ಯೂಥಿಯಾದ ಮಕ್ಕಳೆಲ್ಲ ಚಿಕ್ಕಂದಿನಲ್ಲೇ ಹೇಡೀಸ್ ಯಾರೆಂದು ಪಾಠದಲ್ಲಿ ಓದಿರುತ್ತಿದ್ದರು. ಕಲಿಯಲು ಬೇರೆ ದಾರಿಯೇ ಇಲ್ಲದ ಹಾಗೆ ಮಾಡಿದ ಮೇಲೆ, ಕಲಿಸುತ್ತೇನೆ ಎಂದು ಮೊದಲು ಕರೆದವರ ಹಿಂದೆ ಬುದ್ಧಿವಂತರು ಹೋಗುವುದು ಆಶ್ಚರ್ಯವಲ್ಲ.

ಸೈಲೆನ್ಸ್ ಮೂಲಕ ಹೇಡೀಸ್ ತಲುಪಿದ ಜನ ಯಾರು ಎಂಬುದೇ ನನ್ನ ದೃಷ್ಟಿಯಲ್ಲಿ ಇಡೀ ಕತೆಯ ಅತ್ಯಂತ ಸೂಕ್ಷ್ಮವಾದ ಭಾಗ. ಅದಕ್ಕೆ ಕಾರ್ಜಾ ರಾಜ್ಯದ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಗಾಯಾ ಸತ್ತ ನಂತರ, ಅದುವರೆಗೆ ಸಾಧುವಾಗಿದ್ದ ಯಂತ್ರಪ್ರಾಣಿಗಳು ವರ್ಷದಿಂದ ವರ್ಷಕ್ಕೆ ಕ್ರೂರವಾಗುತ್ತ ಬಂದವು. ತನ್ನ ಯಂತ್ರಗಳನ್ನು ಮನುಷ್ಯರು ಬೇಟೆಯಾಡುವುದನ್ನು ಸಹಿಸದ ಹೆಫೆಸ್ಟಸ್ ಅವರನ್ನೇ ಬೇಟೆಯಾಡುವ ಯಂತ್ರಗಳನ್ನು ತಯಾರಿಸತೊಡಗಿತ್ತು. ಕಾರಣ ತಿಳಿಯದ ಜನರಿಗೆ ಇದು ದೈವಕೋಪವಾಗಿ ಕಂಡಿತು. ಕಾರ್ಜಾಗಳ ಹದಿಮೂರನೆಯ ಸೂರ್ಯರಾಜ ಜಿರಾನ್ ಸೂರ್ಯನನ್ನು ಶಾಂತಪಡಿಸಲು ನರಬಲಿ ಬೇಕೆಂದು ನಿರ್ಧರಿಸಿದ. ನೆರೆಯ ಬುಡಕಟ್ಟುಗಳ ಮೇಲೆ ದಾಳಿಯಿಟ್ಟು, ಸೆರೆಹಿಡಿದು ತಂದವರನ್ನು ಸನ್-ರಿಂಗ್ ಎಂಬ ಅಖಾಡದಲ್ಲಿ ಯಂತ್ರಗಳ ಬಾಯಿಗೆ ಒಡ್ಡಿದ. ಕೆಂಪು ದಾಳಿಗಳು ಎಂದು ಹೆಸರಾದ ಈ ಕ್ರೌರ್ಯ ತನ್ನ ಕಣ್ಣೆದುರಿಗೆ ನಡೆಯುವುದನ್ನು ಸಹಿಸದೆ ಜಿರಾನ್‌ನ ಮಗ ಅವಾದ್ ನಗರ ತೊರೆದು, ಓಸೆರಾಮ್ ಎಂಬ ಕಮ್ಮಾರ ಜನಾಂಗದ ಯೋಧರ ನೆರವಿನಿಂದ ಮೆರಿಡಿಯನ್ನಿಗೆ ಮರಳಿ, ತಂದೆಯನ್ನು ತಾನೇ ಕೊಂದು ಪಟ್ಟವೇರಿದ. ಜಿರಾನ್‌ನ ಕಡೆಯವರು ಅವನ ಕಿರಿಯ ಮಗ, ಇನ್ನೂ ಬಾಲಕನಾದ ಇಟಾಮೆನ್‌ನನ್ನು ಎತ್ತಿಕೊಂಡು ಸನ್‌ಫಾಲ್ ಕೋಟೆಗೆ ಓಡಿಹೋಗಿ, ಅವನೇ ನಿಜವಾದ ರಾಜನೆಂದು ಸಾರಿದರು. ಇವರೇ ನೆರಳು ಕಾರ್ಜಾಗಳು.

ಈ ಸರಪಳಿಯ ಮೊದಲ ಕೊಂಡಿಯನ್ನು ನೋಡಿ. ಗಾಯಾ ಸತ್ತದ್ದು ಹೇಡೀಸಿನ ದಾಳಿಯಿಂದ. ಗಾಯಾ ಸತ್ತದ್ದರಿಂದ ಯಂತ್ರಗಳು ಕೆರಳಿದವು. ಯಂತ್ರಗಳು ಕೆರಳಿದ್ದರಿಂದ ನರಬಲಿ ಶುರುವಾಯಿತು. ನರಬಲಿಯಿಂದ ಅಂತರ್ಯುದ್ಧ, ಅಂತರ್ಯುದ್ಧದಿಂದ ಪದಚ್ಯುತರಾಗಿ ಕುದಿಯುವ ಒಂದು ಗುಂಪು. ಆ ಗುಂಪೇ ಹೇಡೀಸಿಗೆ ಸೈನ್ಯವಾಗಿ ಸಿಕ್ಕಿತು. ಹೇಡೀಸ್ ಇದನ್ನೆಲ್ಲ ಮೊದಲೇ ಯೋಜಿಸಿತ್ತು ಎಂದು ಆಟ ಎಲ್ಲೂ ಹೇಳುವುದಿಲ್ಲ, ನಾನೂ ಹೇಳಲಾರೆ. ಆದರೆ ತನ್ನ ಸೋತ ದಾಳಿಯ ಅವಶೇಷಗಳಿಂದಲೇ ಮುಂದಿನ ದಾಳಿಗೆ ಬೇಕಾದ ಜನರನ್ನು ಅದು ಹೆಕ್ಕಿಕೊಂಡಿತು. ಮನುಷ್ಯರಿಗೆ ಮಾತ್ರ ಆ ಕೊಂಡಿಗಳಲ್ಲಿ ಕೊನೆಯದೊಂದೇ ಕಾಣಿಸುತ್ತಿತ್ತು, ಅವಾದ್ ನಮ್ಮ ರಾಜನನ್ನು ಕೊಂದ ಎಂಬುದು.

ನೆರಳು ಕಾರ್ಜಾಗಳ ಒಳಗೇ ಎಕ್ಲಿಪ್ಸ್ ಎಂಬ ಗುಪ್ತ ಪಂಥವೊಂದು ಬೆಳೆಯಿತು. ಅದರ ನಾಯಕ ಹೀಲಿಸ್, ಜಿರಾನ್‌ನ ಕಾಲದಲ್ಲಿ ಸೂರ್ಯನ ಭೀತಿ ಎಂಬ ಬಿರುದು ಪಡೆದಿದ್ದ ದಳಪತಿ, ಬಲಿಗಳನ್ನು ತನ್ನ ಕೈಯಾರೆ ನಡೆಸಿದವನು. ಅವನ ಮುಂದೆ ಹೇಡೀಸ್ ತನ್ನನ್ನು ಒಂದು ಯಂತ್ರವೆಂದು ಹೇಳಿಕೊಳ್ಳಲಿಲ್ಲ. ಹೂತ ನೆರಳು ಎಂಬ ದೈವೀ ಶಕ್ತಿಯಾಗಿ, ಹೀಲಿಸ್‌ನನ್ನು ವಿಧಿಯೇ ಆರಿಸಿಕೊಂಡಿದೆ ಎಂದು ಸಾರುವ ವಾಣಿಯಾಗಿ ಅದು ಅವನಿಗೆ ಕಾಣಿಸಿಕೊಂಡಿತು. ಸೈಲೆನ್ಸ್‌ಗೆ ಕೊಟ್ಟದ್ದು ಜ್ಞಾನ, ಹೀಲಿಸ್‌ಗೆ ಕೊಟ್ಟದ್ದು ಅರ್ಥ. ಸೋತ ಸೈನಿಕನೊಬ್ಬನಿಗೆ ನಿನ್ನ ಸೋಲು ಸೋಲೇ ಅಲ್ಲ, ದೊಡ್ಡ ಗೆಲುವಿನ ಮೊದಲ ಅಧ್ಯಾಯ ಎಂದು ಹೇಳುವವರು ಸಿಕ್ಕಿದರೆ ಅವನು ಏನು ಮಾಡಲೂ ಸಿದ್ಧನಾಗುತ್ತಾನೆ. ತಾನು ನರಬಲಿ ಕೊಟ್ಟದ್ದು ತಪ್ಪಲ್ಲ, ಸತ್ತವರು ವ್ಯರ್ಥವಾಗಿ ಸಾಯಲಿಲ್ಲ ಎಂದು ನಂಬಲು ಹೀಲಿಸ್‌ಗೆ ಒಂದು ದೇವರು ಬೇಕಾಗಿತ್ತು. ಹೇಡೀಸ್ ಆ ದೇವರಾಯಿತು. ಸೂರ್ಯನನ್ನೇ ಪೂಜಿಸುವ ಜನ ಗ್ರಹಣದ ಹೆಸರಿಟ್ಟುಕೊಂಡು ನೆರಳಿಗೆ ಕೈಮುಗಿದ ಈ ತಿರುವನ್ನು ಆಟ ಎಲ್ಲೂ ಉದ್ದುದ್ದ ವಿವರಿಸುವುದಿಲ್ಲ, ಧ್ವಜಗಳಲ್ಲಿ, ಉಡುಪಿನಲ್ಲಿ, ಕಾವಲುಗಾರರ ಮಾತಿನ ತುಣುಕುಗಳಲ್ಲಿ ಬಿಟ್ಟುಕೊಡುತ್ತದೆ.

ಆಯುಧಗಳ ವಿಚಾರದಲ್ಲಿ ಹೇಡೀಸ್ ಜಾಣತನದಿಂದ ಮಿತವ್ಯಯ ಮಾಡಿತು. ಎಕ್ಲಿಪ್ಸ್ ಜನ ಅದರ ಮಾತಿನಂತೆ ಮಣ್ಣನ್ನು ಅಗೆದು ಫ್ಯಾರೋ ಕಾಲದ ಯಂತ್ರಗಳನ್ನು ಹೊರತೆಗೆದರು: ಚೇಳಿನಂತೆ ಬಾಲ ಎತ್ತಿ ನಡೆಯುವ ಕರಪ್ಟರ್, ಫಿರಂಗಿಗಳ ಗುಡ್ಡೆಯಂಥ ಡೆತ್‌ಬ್ರಿಂಗರ್. ಸಂಖ್ಯೆಯಲ್ಲಿ ಅವು ಕಡಿಮೆ, ಆದರೆ ಒಂದು ಕರಪ್ಟರ್ ಇದ್ದರೆ ಸಾಕು, ಸುತ್ತಮುತ್ತ ಮೇಯುವ ಯಂತ್ರಗಳೆಲ್ಲ ಅದರ ಸೈನಿಕರಾಗುತ್ತವೆ. ಆಟದ ಶುರುವಿನಲ್ಲೇ ಅದರ ಗುರುತು ಕಾಣಸಿಗುತ್ತದೆ. ಹುಲ್ಲುಗಾವಲಿನ ನಡುವೆ ಕಪ್ಪುಗಟ್ಟಿದ ನೆಲ, ಸುಟ್ಟಂತೆ ಬಾಡಿದ ಗಿಡ, ಮೈಮೇಲೆ ಕಪ್ಪು-ಕೆಂಪು ಎಳೆಗಳು ಹರಿದಾಡುವ ಯಂತ್ರಗಳು. ಬಿಲ್ಲಿಗೆ ಬೆಂಕಿಬಾಣ ಹೂಡಿದರೆ ಮಾತ್ರ ಬೇಗ ಸಾಯುವಂಥವು. ಆಗ ಆಟಗಾರನಿಗೆ ಅದು ಏನೆಂದು ತಿಳಿದಿರುವುದಿಲ್ಲ. ಎಷ್ಟೋ ಗಂಟೆಗಳ ನಂತರ, ಹಿಂದಿನ ಯುದ್ಧದಲ್ಲಿ ಮನುಷ್ಯರ ರೋಬೋಟುಗಳನ್ನು ಅವರ ವಿರುದ್ಧವೇ ತಿರುಗಿಸಿದ ವಿದ್ಯೆ ಇದೇ ಎಂಬುದು ಹೊಳೆದಾಗ ಆ ಹುಲ್ಲುಗಾವಲು ಬೇರೆಯಾಗಿ ನೆನಪಾಗುತ್ತದೆ.

ಯಂತ್ರಗಳಿಗಿಂತ ಮುಖ್ಯವಾದ ಇನ್ನೊಂದು ಆಯುಧ ಫೋಕಸ್, ಕಿವಿಯ ಪಕ್ಕ ಅಂಟಿಸಿಕೊಳ್ಳುವ ಪುಟ್ಟ ಉಪಕರಣ. ಎಕ್ಲಿಪ್ಸ್ ನಾಯಕರ ಫೋಕಸ್‌ಗಳನ್ನೆಲ್ಲ ಒಂದು ಜಾಲದಲ್ಲಿ ಹೆಣೆಯಲಾಗಿತ್ತು, ಅವರು ಕಂಡದ್ದನ್ನು ಹೇಡೀಸ್ ಕಾಣುತ್ತಿತ್ತು. ಬರವಣಿಗೆಯ ಸಂದೇಶ, ಕುದುರೆಯೂ ಇಲ್ಲದ ಓಟಗಾರರು, ಬೆಂಕಿಯ ಸಂಜ್ಞೆ ಇಷ್ಟನ್ನೇ ನೆಚ್ಚಿದ್ದ ರಾಜ್ಯಗಳ ನಡುವೆ ಒಂದೇ ಕ್ಷಣದಲ್ಲಿ ಮಾತು ಮುಟ್ಟಿಸಬಲ್ಲ ಸೈನ್ಯಕ್ಕೆ ಎಂಥ ಮೇಲುಗೈ ಇರುತ್ತದೆ ಎಂದು ಹೇಳಬೇಕಾಗಿಲ್ಲ. ಓಲಿನ್ ಎಂಬ ಓಸೆರಾಮ್ ಗಣಿಗಾರನ ಹೆಂಡತಿ ಮಗುವನ್ನು ಒತ್ತೆಯಿಟ್ಟುಕೊಂಡು, ಅವನ ಕಿವಿಗೂ ಒಂದು ಫೋಕಸ್ ಅಂಟಿಸಿ, ಅವಶೇಷಗಳನ್ನು ಅಗೆಯಲೂ ಬೇಹುಗಾರಿಕೆ ಮಾಡಲೂ ಬಿಟ್ಟಿದ್ದರು. ಅವನು ಅವಾದ್‌ನ ದೂತರ ಜೊತೆಗೆ ನೋರಾ ಜನಾಂಗದ ಕಣಿವೆಗೆ ಬಂದು ಗುಂಪಿನಲ್ಲಿದ್ದ ಏಲಾಯ್‌ಳತ್ತ ತಿರುಗಿ ನೋಡಿದ. ಆ ನೋಟವೇ ಹೇಡೀಸಿಗೂ ಹೋಯಿತು. ಸಾವಿರ ವರ್ಷದ ಹಿಂದೆ ಸತ್ತ ಎಲಿಜಬೆತ್ ಸೋಬೆಕ್‌ಳ ಮುಖ ಅಲ್ಲಿ ನಿಂತಿತ್ತು.

ಮಾರನೆಯ ದಿನ ನೋರಾಗಳ ದೀಕ್ಷಾ ಪರೀಕ್ಷೆ. ಹದಿಹರೆಯದ ಹುಡುಗ ಹುಡುಗಿಯರು ಬೆಟ್ಟದ ಹಾದಿಯಲ್ಲಿ ಓಡಿ, ಹತ್ತಿ, ಗೆದ್ದು ನಿಂತ ಹೊತ್ತಿಗೆ ಎಕ್ಲಿಪ್ಸ್ ಬಾಣಗಳು ಅವರ ಮೇಲೆ ಬಿದ್ದವು. ಒಬ್ಬಳನ್ನು ಕೊಲ್ಲಲು ಬಂದವರು ಎಲ್ಲ ಮಕ್ಕಳನ್ನೂ ಕೊಲ್ಲತೊಡಗಿದರು. ಏಲಾಯ್‌ಳನ್ನು ಸಾಕಿ ಬೆಳೆಸಿದ ರೋಸ್ಟ್ ಹೀಲಿಸ್‌ನ ಕತ್ತಿಗೆ ಸಿಕ್ಕು, ಸಾಯುವ ಮುನ್ನ ಆಕೆಯನ್ನು ಬಂಡೆಯಂಚಿನಿಂದ ಕೆಳಗೆ ತಳ್ಳಿ ಸ್ಫೋಟದಿಂದ ಉಳಿಸಿದ. ಈ ದೃಶ್ಯವನ್ನು ಆಡುವಾಗ ನನಗೆ ಅಶ್ವತ್ಥಾಮ ನೆನಪಾಗದೆ ಇರಲಿಲ್ಲ. ಯುದ್ಧ ಮುಗಿದ ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದ ಉಪಪಾಂಡವರನ್ನು ಕೊಂದವನು ಅವನು; ಸಾಲದೆಂಬಂತೆ ಉತ್ತರೆಯ ಗರ್ಭಕ್ಕೂ ಅಸ್ತ್ರ ಬಿಟ್ಟವನು. ವಂಶದ ಕೊನೆಯ ಕುಡಿಯನ್ನು ಚಿವುಟಿದರೆ ಸೋತ ಯುದ್ಧವೂ ಗೆದ್ದಂತಾಗುತ್ತದೆ ಎಂಬ ಆ ಎಣಿಕೆಯೇ ಹೇಡೀಸಿನದೂ. ಆದರೆ ಅಶ್ವತ್ಥಾಮನಿಗೆ ತಂದೆಯನ್ನು ಮೋಸದಿಂದ ಕೊಂದರೆಂಬ ಸಂಕಟವಿತ್ತು, ಒಡೆಯನ ತೊಡೆ ಮುರಿದು ಬಿದ್ದದ್ದನ್ನು ಕಂಡ ಉರಿಯಿತ್ತು. ಹೇಡೀಸಿಗೆ ಅವೊಂದೂ ಇರಲಿಲ್ಲ. ಸಂಕಟವೂ ಉರಿಯೂ ಹೀಲಿಸ್‌ನವು, ಲೆಕ್ಕ ಮಾತ್ರ ಹೇಡೀಸಿನದು.

ತಂತ್ರದ ದೃಷ್ಟಿಯಿಂದ ನೋಡಿದರೆ ಅದರ ಸೋಲು ಶುರುವಾದದ್ದು ಅಲ್ಲಿಯೇ. ಅಲ್ಲಿಯವರೆಗೆ ಎಕ್ಲಿಪ್ಸ್ ಎಂಬ ಪಂಥವೊಂದಿದೆ ಎಂಬುದು ಹೊರಗಿನವರಿಗೆ ಗೊತ್ತಿರಲಿಲ್ಲ, ಗುಟ್ಟೇ ಅದರ ದೊಡ್ಡ ಬಲವಾಗಿತ್ತು. ಹೇಡೀಸಿನ ಲೆಕ್ಕದಲ್ಲಿ ಏಲಾಯ್ ಎಂದರೆ ಒಂದು ಕೀಲಿಕೈ, ಹಳೆಯ ಬಾಗಿಲುಗಳು ತೆರೆದುಕೊಳ್ಳುವ ವಂಶವಾಹಿ, ಅಷ್ಟೇ. ಆಕೆ ಊರಿನಿಂದ ಹೊರಗಿಟ್ಟ ಅನಾಥೆ, ಹುಟ್ಟಿದ ಕಣಿವೆಯಾಚೆಗೆ ಕಾಲಿಟ್ಟವಳಲ್ಲ, ತನ್ನ ತಾಯಿ ಯಾರೆಂದು ತಿಳಿಯುವುದೊಂದೇ ಆಸೆಯಾಗಿದ್ದವಳು. ಅವಳನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಆ ಬಾಗಿಲುಗಳ ಬಳಿಗೆ ಹೋಗುವ ದಾರಿಯೇ ಅವಳಿಗೆ ತಿಳಿಯುತ್ತಿರಲಿಲ್ಲವೇನೋ. ದಾಳಿಯಲ್ಲಿ ಸತ್ತ ಹಂತಕನೊಬ್ಬನ ಫೋಕಸ್ ಅವಳ ಕೈಗೆ ಸಿಕ್ಕಿತು, ಅದರಲ್ಲಿ ತನ್ನದೇ ಮುಖವನ್ನು ಹೋಲುವ ಹೆಂಗಸಿನ ಚಿತ್ರ ಸಿಕ್ಕಿತು, ಓಲಿನ್‌ನ ಸುಳಿವು ಸಿಕ್ಕಿತು. ಕೊಲ್ಲಲು ಹೋಗಿ ಹೇಡೀಸ್ ಅವಳಿಗೆ ನಕ್ಷೆಯನ್ನು ಕೊಟ್ಟಿತು. ಅದರೊಂದಿಗೆ ಸೇಡಿನ ಕಾರಣವನ್ನೂ ಕೊಟ್ಟಿತು; ಹೀಲಿಸ್‌ನಂಥವರಲ್ಲಿ ಯಾವ ನೋವನ್ನು ಬಂಡವಾಳ ಮಾಡಿಕೊಂಡಿತ್ತೋ ಅದೇ ನೋವನ್ನು ನೋರಾಗಳ ಮನೆಮನೆಯಲ್ಲೂ ಬಿತ್ತಿತು. ಮುಂದೆ ಅದೇ ನೋರಾಗಳು ತಮ್ಮ ಪವಿತ್ರ ನೆಲದ ಗಡಿ ದಾಟಬಾರದೆಂಬ ಕಟ್ಟಳೆಯನ್ನು ಬದಿಗಿಟ್ಟು, ತಮ್ಮವರನ್ನು ಬಲಿಗೆ ಎಳೆದೊಯ್ದಿದ್ದ ಕಾರ್ಜಾಗಳ ರಾಜಧಾನಿಯನ್ನು ಕಾಯಲು ಬಂದು ನಿಂತರು. ಇದು ಹೇಡೀಸಿನ ಎಣಿಕೆಗೆ ಹೊಂದುವ ಸಂಗತಿಯೇ ಆಗಿರಲಿಲ್ಲ.

ಅದರ ಇನ್ನೊಂದು ದೌರ್ಬಲ್ಯ ಅದರ ಮೈತ್ರಿಗಳಲ್ಲಿಯೇ ಇತ್ತು. ತನ್ನ ಗುರಿ ಎಲ್ಲರ ಸಾವು ಎಂಬುದು ಗೊತ್ತಾದ ಕ್ಷಣ ಯಾವ ಮನುಷ್ಯನೂ ಅದರ ಜೊತೆ ಉಳಿಯಲಾರ. ಆದ್ದರಿಂದ ಅದರ ಪ್ರತಿಯೊಂದು ಸ್ನೇಹವೂ ಅಜ್ಞಾನದ ಮೇಲೆ ನಿಂತಿತ್ತು; ಹೆಚ್ಚು ತಿಳಿದವನೇ ಹೆಚ್ಚು ಅಪಾಯ. ಸೈಲೆನ್ಸ್ ಅದಕ್ಕೆ ಬೇಡವಾದಾಗ ಅವನನ್ನು ಕೊಲ್ಲಲು ನೋಡಿತು, ಅವನು ತಪ್ಪಿಸಿಕೊಂಡ. ಎಕ್ಲಿಪ್ಸ್ ಕಟ್ಟಿದ ಬಗೆ, ಫೋಕಸ್ ಜಾಲದ ಮರ್ಮ ಎಲ್ಲ ಗೊತ್ತಿದ್ದ ಆತನೇ ಮುಂದೆ ಏಲಾಯ್‌ಳ ಕಿವಿಯಲ್ಲಿ ದಾರಿ ತೋರಿಸುವ ಧ್ವನಿಯಾದ. ಅವನ ಸೂಚನೆಯಂತೆ ಆಕೆ ಎಕ್ಲಿಪ್ಸ್ ನೆಲೆಯೊಳಕ್ಕೆ ನುಗ್ಗಿ ಆ ಜಾಲವನ್ನೇ ಕೆಡವಿದಳು. ಹೆರೆಸ್ ಹೇಳಿದ ಸುಳ್ಳನ್ನೂ ಹೇಡೀಸ್ ಹೇಳಿದ ಸುಳ್ಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಸಮಾಧಾನವಾಗುವುದಿಲ್ಲ. ಎರಡೂ ಸೈನಿಕರನ್ನು ಅವರಿಗೆ ತಿಳಿಯದ ಗುರಿಗಾಗಿ ಸಾಯಿಸಿದವು. ಒಂದು ಜೀವವನ್ನು ಉಳಿಸಲು, ಇನ್ನೊಂದು ಅಳಿಸಲು ಎಂಬ ವ್ಯತ್ಯಾಸ ದೊಡ್ಡದೇ ಹೌದು. ಸತ್ತವನ ಜಾಗದಲ್ಲಿ ನಿಂತು ನೋಡಿದರೆ ಆ ವ್ಯತ್ಯಾಸ ಅವನಿಗೆ ಕಾಣುತ್ತಿರಲಿಲ್ಲ ಎಂಬುದೂ ಹೌದು.

ಮೆರಿಡಿಯನ್ ಯುದ್ಧವನ್ನು ವಿವರವಾಗಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಆಟದ ಬೇರೆ ಭಾಗಗಳಿಗೆ ಹೋಲಿಸಿದರೆ ಅದು ಸಾಧಾರಣವಾದ ಕಾಳಗ. ಗಮನಿಸಬೇಕಾದದ್ದು ಒಂದೇ: ಅಷ್ಟೆಲ್ಲ ಆದ ಮೇಲೂ ಹೇಡೀಸ್ ತನ್ನಷ್ಟಕ್ಕೆ ಒಂದು ಹೆಜ್ಜೆ ಇಡಲಾರದು. ಅದನ್ನು ಗೋಪುರದ ಬುಡಕ್ಕೆ ತಂದು ಮುಟ್ಟಿಸಲು ಬೇರೆಯವರೇ ಬೇಕಾದರು. ಹೀಲಿಸ್ ತಾನು ಆರಿಸಲ್ಪಟ್ಟವನೆಂಬ ನಂಬಿಕೆಯಲ್ಲೇ ಏಲಾಯ್‌ಳ ಕೈಯಲ್ಲಿ ಸತ್ತ. ಗೋಪುರ ಸಂಕೇತ ಬಿತ್ತರಿಸತೊಡಗಿ, ದೂರದ ಬೆಟ್ಟಗಳಲ್ಲಿ ಹೂತಿದ್ದ ಹೋರಸ್‌ಗಳ ಬಾಹುಗಳು ಅಲುಗಾಡಿ ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ಆಕೆ ಗಾಯಾದ ಅವಶೇಷಗಳಿಂದ ತಂದಿದ್ದ ಮಾಸ್ಟರ್ ಓವರ್‌ರೈಡ್ ಎಂಬ, ಕೃತಕ ಬುದ್ಧಿಮತ್ತೆಯನ್ನು ನಿಲ್ಲಿಸುವ ಸಾಧನವನ್ನು ಕಟ್ಟಿದ ಈಟಿಯನ್ನು ಹೇಡೀಸಿನೊಳಕ್ಕೆ ಇಳಿಸಿದಳು.

ಆಟದ ಬರವಣಿಗೆಯಲ್ಲಿ ಕೊರತೆಯಿಲ್ಲವೆಂದಲ್ಲ. ಎಕ್ಲಿಪ್ಸ್‌ನ ಸಾಮಾನ್ಯ ಯೋಧರಿಗೆ ಆಟ ಕೊಟ್ಟಿರುವ ಮಾತು ತೀರ ಕಡಿಮೆ. ಹೆಚ್ಚಿನವರು ಹುಲ್ಲಿನ ಮರೆಯಿಂದ ಬಾಣ ಬಿಟ್ಟು ಕೆಡವಬೇಕಾದ ಗುರಿಗಳಾಗಿಯೇ ಉಳಿಯುತ್ತಾರೆ. ಹೀಲಿಸ್‌ನ ಮತಾಂಧತೆ ಗಾಢವಾಗಿದೆ, ಆದರೆ ಅವನ ಕೆಳಗೆ ಮನೆ, ಮಗ್ಗ, ಹೊಲ ಬಿಟ್ಟು ಸನ್‌ಫಾಲ್‌ಗೆ ಓಡಿಬಂದ ಸಣ್ಣವರು ಯಾವ ಆಸೆಯಿಂದ ಆ ಧ್ವಜದ ಕೆಳಗೆ ನಿಂತರು ಎಂಬುದನ್ನು ಕೇಳಿಸಿಕೊಳ್ಳುವ ಅವಕಾಶ ಸಿಗಬೇಕಿತ್ತು. ಹೇಡೀಸಿನ ತಂತ್ರ ಗೆದ್ದದ್ದೇ ಅವರ ಮನಸ್ಸಿನಲ್ಲಿ. ಅಲ್ಲಿಗೆ ನಮ್ಮನ್ನು ಕರೆದೊಯ್ಯದೆ ಬಿಟ್ಟದ್ದು ನನ್ನ ಮಟ್ಟಿಗೆ ಈ ಕತೆಯ ದೊಡ್ಡ ನಷ್ಟ.

2022ರಲ್ಲಿ ಬಂದ ಎರಡನೆಯ ಭಾಗ, ಹೊರೈಜನ್ ಫರ್ಬಿಡನ್ ವೆಸ್ಟ್, ಈ ಕೊರತೆಯನ್ನು ಬೇರೊಂದು ದಾರಿಯಲ್ಲಿ ಸ್ವಲ್ಪ ತುಂಬುತ್ತದೆ. ಮೆರಿಡಿಯನ್ನಿನಲ್ಲಿ ಹೇಡೀಸ್ ಪೂರ್ತಿ ನಾಶವಾಗಿರಲಿಲ್ಲ. ಸೈಲೆನ್ಸ್ ಅದರ ಉಳಿದ ಅರಿವನ್ನು ಸೆರೆಹಿಡಿದು, ಅದನ್ನು ಎಬ್ಬಿಸಿದ ಸಂಕೇತ ಕಳಿಸಿದವರು ಯಾರು ಎಂದು ವಿಚಾರಣೆಗೆ ಗುರಿಪಡಿಸಿದ್ದ. ಉತ್ತರ ತಿಳಿದ ಮೇಲೆ, ತಾರೆಗಳಾಚೆಯಿಂದ ಬಂದ ಬಲಿಷ್ಠ ಶತ್ರುಗಳನ್ನು ಎದುರಿಸಲು ಅವನಿಗೂ ಒಂದು ಸೈನ್ಯ ಬೇಕಾಯಿತು. ಆಗ ಅವನು ಹುಡುಕಿಕೊಂಡು ಹೋದದ್ದು ರೆಗಾಲಾ ಎಂಬ ಟೆನಾಕ್ತ್ ಬುಡಕಟ್ಟಿನ ಬಂಡಾಯಗಾರ್ತಿಯನ್ನು. ಕೆಂಪು ದಾಳಿಗಳಲ್ಲಿ ತನ್ನವರನ್ನು ಕಳೆದುಕೊಂಡು, ಕಾರ್ಜಾಗಳೊಂದಿಗೆ ತನ್ನ ನಾಯಕ ಹೆಕಾರೋ ಮಾಡಿಕೊಂಡ ಶಾಂತಿಯನ್ನು ಎಂದೂ ಒಪ್ಪದವಳು ಅವಳು. ಸೈಲೆನ್ಸ್ ಅವಳ ಯೋಧರಿಗೆ ಯಂತ್ರಗಳನ್ನು ಪಳಗಿಸುವ ವಿದ್ಯೆ ಕೊಟ್ಟ; ಆ ಸೈನ್ಯ ತನ್ನ ಬೇರೆಯದೇ ಲೆಕ್ಕಕ್ಕೆ ಎಂಬುದನ್ನು ಹೇಳಲಿಲ್ಲ. ಜಿರಾನ್ ನಡೆಸಿದ ಅದೇ ಕೆಂಪು ದಾಳಿಗಳು ನಡೆಸಿದವರ ಕಡೆಯಿಂದ ಹೀಲಿಸ್‌ನನ್ನೂ ಅನುಭವಿಸಿದವರ ಕಡೆಯಿಂದ ರೆಗಾಲಾಳನ್ನೂ ಬೆಳೆಸಿದ್ದವು. ಮೊದಲನೆಯವನ ಗಾಯವನ್ನು ಗುರುತಿಸಿ ಬಳಸಿಕೊಂಡದ್ದು ಒಂದು ಯಂತ್ರ. ಎರಡನೆಯವಳದನ್ನು ಬಳಸಿಕೊಂಡದ್ದು ಆ ಯಂತ್ರದ ಪಕ್ಕದಲ್ಲಿ ಕುಳಿತು ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದ ಮನುಷ್ಯ.